ಘಟ್ಟ ಇಳಿದ ನಮ್ಮ ಮನೆ

ನಮ್ಮ ಮನೆಗೆ ನಾಲ್ಕು ಗಾಲಿಗಳಿದ್ದವು ಎಂದರೆ ಈಗ ಯಾರೂ ನಂಬುವುದಿಲ್ಲ. ಐದನೆಯದೂ ಒಂದಿತ್ತು. ಅದರ ಮೇಲೆ ಆಯಿ, ಎಂದರೆ ಅವ್ವನ ಅವ್ವ, ಕೂರುತ್ತಿದ್ದಳು.

ಅದು ಮೊದಲು ಸವಣೂರಿನ ಒಬ್ಬ ಎಲೆ ವ್ಯಾಪಾರಿಯ ವ್ಯಾನು. ವರ್ಷಾನುಗಟ್ಟಲೆ ವೀಳ್ಯದೆಲೆಯ ಬುಟ್ಟಿ ಹೊತ್ತು ತಿರುಗಿ, ಒಂದು ದಿನ ಅವನ ಅಂಗಳದಲ್ಲೇ ಉಸಿರು ಬಿಟ್ಟಿತ್ತು. ಅಪ್ಪ ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಮಗ್ಗುಲಿಗಿದ್ದ ಗ್ಯಾರೇಜಿನಲ್ಲಿ ಮಿಸ್ತ್ರಿ. ರಿಪೇರಿಗೆಂದು ಹೋದವನಿಗೆ ವ್ಯಾಪಾರಿ ಕೈ ಮುಗಿದನಂತೆ: "ರಿಪೇರಿ ಬ್ಯಾಡೋ ಮಾರಾಯಾ, ಒಯ್ದಬಿಡು. ನಮ್ಮ ಮನ್ಯಾಕಿಗೆ ಹಪ್ಪಳಾ ಒಣಗಸಾಕ ಜಾಗಾ ಆದ್ರ ಸಾಕು."

ಅಪ್ಪ ಎರಡು ಜೋಡಿ ಎತ್ತು ಕಟ್ಟಿಸಿ ಅದನ್ನು ಹಾನಗಲ್ಲಿಗೆ ಎಳೆಸಿಕೊಂಡು ಬಂದ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಓಣಿ ಊರಿನ ಕೊನೆಗೆ, ಎಲ್ಲರ ಮನೆಗಳೂ ಮುಗಿದ ಮೇಲೆ ಬರುವ ಓಣಿ. ಅಲ್ಲಿಯ ಜನ ಸುತ್ತ ನಿಂತು, "ಮಿಸ್ತ್ರಿ ಆನಿ ತಂದಾನ, ಆದ್ರ ಸತ್ತದ್ದು" ಎಂದು ನಕ್ಕರು. ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಶಿಗ್ಗಾವಿಯ ಗುಜರಿಯಿಂದ ಒಂದೊಂದೇ ಸಾಮಾನು ತಂದು ಜೋಡಿಸಿದ. ಎಂಜಿನ್ ಒಂದು ದಿನ ಕೆಮ್ಮುತ್ತಿತ್ತು, ಮೂರು ತಿಂಗಳು ಸುಮ್ಮನಿರುತ್ತಿತ್ತು. ಅಷ್ಟರಲ್ಲಿ ಅವನು ಒಳಗೆ ಹಲಗೆಯ ಮಂಚ ಹೊಡೆದ, ಪಾತ್ರೆಗೆ ಗೂಡು ಮಾಡಿದ, ಬದಿಗೆ ಒಂದು ಕಿಟಕಿ ಕೊರೆದ. ಹಿಂದಿನ ಬಾಗಿಲಿಗೆ ಮರದ ಹೊಸ್ತಿಲನ್ನೂ ಕೂರಿಸಿದ. ಎಷ್ಟು ತೊಳೆದರೂ ಎಲೆಯ ವಾಸನೆ ಮಾತ್ರ ಹೋಗಲಿಲ್ಲ. ಒಳಗೆ ಕಾಲಿಟ್ಟರೆ ಅಡಿಕೆ, ಸುಣ್ಣ ಹುಡುಕುವಂತಾಗುತ್ತಿತ್ತು.

"ಗಾಡಿಗ್ಯಾಕ ಹೊಸ್ತಿಲಾ?" ಎಂದು ನಾನೊಮ್ಮೆ ಕೇಳಿದ್ದೆ.

ಅಪ್ಪ ಸಣ್ಣವನಿದ್ದಾಗ ಲಾರಿಯ ಕ್ಲೀನರ್ ಆಗಿ ಗದಗ, ವಿಜಾಪುರದ ಬಯಲು ದಾರಿಗಳಲ್ಲಿ ತಿರುಗಿದವನು. ಊರು ಮುಟ್ಟಿದರೆ ಡ್ರೈವರನಿಗೆ ಯಾರದಾದರೂ ಪಡಸಾಲೆ ಸಿಗುತ್ತಿತ್ತು. ಅಪ್ಪನಿಗೆ ಮೊದಲು ಕುಲ ಕೇಳುತ್ತಿದ್ದರು, ಆಮೇಲೆ ಲಾರಿಯ ಕೆಳಗೆ ಜಾಗ ತೋರಿಸುತ್ತಿದ್ದರು. ನನ್ನ ಪ್ರಶ್ನೆಗೆ ಅವನು ಕೈಯಲ್ಲಿದ್ದ ಸ್ಪ್ಯಾನರು ಒರೆಸುತ್ತ, "ನಮ್ಮ ಹೊಸ್ತಿಲಾ ನಮ್ಮ ಸಂಗಾಟ ಇದ್ರ ಯಾರನ್ನೂ ಕೇಳೂದ ಬೇಕಾಗಿಲ್ಲ" ಎಂದಿದ್ದ.

ಈಗ ನನ್ನ ವಿಷಯ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ರುಜು ಹಾಕಿದವಳು ನಾನೇ ಮೊದಲು. ಹೈಸ್ಕೂಲನ್ನು ಹಿರೇಕೆರೂರಿನಲ್ಲಿ, ಆಯಿಯ ಮನೆಯಲ್ಲಿದ್ದು ಮುಗಿಸಿದೆ. ಆಮೇಲೆ ಧಾರವಾಡದಲ್ಲಿ ಪಿಯುಸಿ, ಬಿ.ಎಸ್ಸಿ., ಬಿ.ಎಡ್. ಎರಡೇ ಸೀರೆಯಲ್ಲಿ ಆರು ವರ್ಷ ತೆಗೆದೆ. ಇದನ್ನು ಕರುಣೆಗಾಗಿ ಹೇಳುತ್ತಿಲ್ಲ. ಒಂದನ್ನು ಒಗೆದು ಇನ್ನೊಂದನ್ನು ಉಟ್ಟು ಫಸ್ಟ್ ಕ್ಲಾಸ್ ತೆಗೆದವಳು ಎಂಬ ಜಂಬಕ್ಕೆ ಹೇಳುತ್ತಿದ್ದೇನೆ.

ಆದರೆ ಆಯಿಯ ಪ್ರಕಾರ ಆ ಡಿಗ್ರಿ ಅವಳದು. ಕೊನೆಯ ವರ್ಷದ ಪರೀಕ್ಷೆಗೆ ನಾನು ಅವಳ ಮನೆಯಿಂದ ಹೊರಟಾಗ ಅವಳು ಒಂದು ಸಲ ಸೀನಿದ್ದಳು. ಒಂಟಿ ಸೀನು ಬಂದರೆ ಹೊಸ್ತಿಲು ದಾಟುವಂತಿಲ್ಲ, ಇನ್ನೊಂದು ಸೀನು ಬರುವ ತನಕ ಕೂರಬೇಕು. ಇದು ಆಯಿಯ ಕಾಯಿದೆ. ನಾನು ಚಡಪಡಿಸುತ್ತ ಕುಳಿತೆ, ಅವಳು ಸೆರಗಿನ ತುದಿಯನ್ನು ಹುರಿ ಮಾಡಿ ಮೂಗಿಗೆ ತುರುಕಿಕೊಂಡು ಎರಡನೆಯದನ್ನು ತರಿಸಿದಳು. ನಾನು ಬಸ್ಸಿಗೆ ಓಡಿದೆ. ಪಾಸಾದ ಮೇಲೆ ಓಣಿಗೆಲ್ಲ ಸಾರಿದಳು: "ಅಕಿ ಏನ್ ಓದ್ಯಾಳ ಬಿಡು, ನನ್ನ ಎರಡನೇ ಸೀನ ಪಾಸ್ ಮಾಡಿಸ್ತು."

"ಆಯೀ, ಸೀನಂದ್ರ ಮೂಗಿನ್ಯಾಗ ಧೂಳ ಹೋದ್ರ ಬರೂದು. ನಾ ಸೈನ್ಸ್ ಓದೇನಿ."

"ಓದವಾ. ಧೂಳ ಒಮ್ಮೆ ಯಾಕ ಹೋಗ್ತೈತಿ, ಎರಡ ಸಲಾ ಯಾಕ ಹೋಗ್ತೈತಿ ಅನ್ನೂದು ನಿಮ್ಮ ಪುಸ್ತಕದಾಗ ಐತೇನು?"



ಇದೇ ಆಯಿ ಒಂದು ಶನಿವಾರ ಮಧ್ಯಾಹ್ನ ಹಿರೇಕೆರೂರಿನಿಂದ ಬಸ್ಸಿನಲ್ಲಿ ಬಂದು, ಕಾಲಿಗೆ ನೀರು ಕೂಡ ಹಾಕಿಕೊಳ್ಳದೆ, ಸೊಂಟದಿಂದ ಒಂದು ಲಕೋಟೆ ತೆಗೆದು ಅಪ್ಪನ ಮುಂದೆ ಹಿಡಿದಳು. "ಅಳ್ಯಾ, ಸರಕಾರದ್ದು ನೋಟೀಸ್ ಬಂದೈತಿ. ಖರೇ ಹೇಳು, ಏನ್ ಮಾಡೀದಿ?"

ನಮ್ಮ ಓಣಿಯ ಮನೆಗಳಿಗೆ ನಂಬರು ಇರಲಿಲ್ಲವಾದ್ದರಿಂದ ನೌಕರಿಯ ಅರ್ಜಿಗೆ ನಾನು ಆಯಿಯ ಮನೆಯ ವಿಳಾಸ ಕೊಟ್ಟಿದ್ದೆ. ಲಕೋಟೆಯ ಮೇಲೆ ಸರಕಾರದ ಮುದ್ರೆ ನೋಡಿದ್ದೇ ತಡ, ಆಯಿ ಅದನ್ನು ಜೋಳದ ಗಡಿಗೆಯ ತಳಕ್ಕೆ ಇಳಿಸಿಬಿಟ್ಟಿದ್ದಳು. ಓದದ ನೋಟೀಸು ಬಂದಂತಲ್ಲ ಎಂಬುದು ಅವಳ ಲೆಕ್ಕ. ಜೋಳ ಖಾಲಿಯಾಗುತ್ತ ಬಂದಾಗ ಲಕೋಟೆ ಮತ್ತೆ ಮುಖ ತೋರಿಸಿತು, ಅವಳಿಗೆ ಹೆದರಿಕೆಯಾಯಿತು, ಹಿಡಿದುಕೊಂಡು ಬಂದಳು.

ಒಡೆದು ಓದಿದೆ. ಕುಮಟೆಯ ಈಚೆಗೆ, ಘಟ್ಟದ ಕೆಳಗಿನ ಒಂದು ಹಳ್ಳಿಯ ಹೈಸ್ಕೂಲಿಗೆ ನನ್ನನ್ನು ವಿಜ್ಞಾನದ ಟೀಚರ್ ಎಂದು ನೇಮಿಸಿದ್ದರು. ಹದಿನೈದು ದಿನದೊಳಗೆ ಹಾಜರಾಗದಿದ್ದರೆ ನೇಮಕಾತಿ ರದ್ದು. ತಾರೀಖು ಎಣಿಸಿದೆ. ಹದಿನೈದನೆಯ ದಿನ ಬರುವ ಸೋಮವಾರ. ಸೋಮವಾರ ಸಂಜೆ ಐದಕ್ಕೆ ಶಾಲೆಯ ಕಚೇರಿ ಮುಚ್ಚುತ್ತದೆ, ಅದರೊಂದಿಗೆ ನನ್ನ ನೌಕರಿಯೂ.

"ನಾಳೆ ಬಸ್ಸಿಗೆ ಹೋಗ್ತೇನಿ" ಎಂದೆ.

"ಹೋಗಿ ಎಲ್ಲಿ ಇರ್ತೀ?" ಅವ್ವ ಕೇಳಿದಳು. "ಬಾಡಿಗಿ ಮನಿ ಕೇಳಿದ್ರ ಮೊದ್ಲ ಊರ ಕೇಳ್ತಾರ, ಆಮ್ಯಾಲ ಹೆಸರ ಕೇಳ್ತಾರ, ಆಮ್ಯಾಲ ಮನಿ ಖಾಲಿ ಇಲ್ಲಂತಾರ."

ಅಪ್ಪ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ವ್ಯಾನು ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಓಣಿಯ ಕೋಳಿಗಳೆಲ್ಲ ಮಾಡಿಗೆ ಹಾರುವಂತೆ ಗರ್ಜಿಸಿತು. ಅಪ್ಪ ಕಿಟಕಿಯಿಂದ ತಲೆ ಹಾಕಿ ಕೂಗಿದ: "ಗಂಟು ಕಟ್ರಿ! ಮನಿ ಸಹಿತ ಹೋಗೂನು!"

ಭಾನುವಾರ ನಸುಕಿಗೆ ಹೊರಡಬೇಕೆಂದಿತ್ತು. ಆದರೆ ಅವ್ವ, "ಹೊಸಾ ಮನಿ, ಹಾಲ ಉಕ್ಕಿಸಲಾರದ ಒಳಗ ಮಲಗೂದೇನು?" ಎಂದು ಸ್ಟೋವು ಹೊತ್ತಿಸಿದಳು. ಆಯಿ, "ಆಕಳ ಕರಾ ಮೊದ್ಲ ಹೊಕ್ಕಬೇಕು" ಎಂದು ಪಕ್ಕದ ಮನೆಯ ಕರುವನ್ನು ಹಿಡಿದು ತಂದಳು. ಹಲಗೆ ಇಟ್ಟು ಹತ್ತಿಸಿದೆವು. ಕರು ಒಳಗೆ ಹೋಗಿ ಎಲೆಯ ವಾಸನೆ ಮೂಸಿ, ಮಂಚದ ಪಕ್ಕ ಸಗಣಿ ಹಾಕಿತು. ಆಯಿ ಚಪ್ಪಾಳೆ ತಟ್ಟಿದಳು. "ಶುಭ ಆತು!" ಆಮೇಲೆ ಅದು ಇಳಿಯಲೇ ಒಲ್ಲದು. ಮುಂದಿನಿಂದ ನಾನು ಮತ್ತು ತಂಗಿ ಜಗ್ಗಿದೆವು, ಹಿಂದಿನಿಂದ ಅಪ್ಪ ದಬ್ಬಿದ. ಕರುವಿನ ಒಡತಿ ಸೊಂಟಕ್ಕೆ ಕೈ ಕೊಟ್ಟು ನಿಂತು, "ಇರ್ಲಿ ಬಿಡ್ರಿ ಅಣ್ಣಾ, ಅದನ್ನೂ ನೌಕರಿಗೆ ಹಚ್ಚಿ ಬರ್ರಿ" ಎಂದಳು. ಅಷ್ಟರಲ್ಲಿ ಹಾಲು ಉಕ್ಕಿ ಸ್ಟೋವು ಆರಿತು. ಹೊರಟಾಗ ನಡುಮಧ್ಯಾಹ್ನ.

ಗ್ಯಾರೇಜಿನ ಮುಂದೆ ಬರುತ್ತಲೇ ಅಪ್ಪ ಸೀನಿದ. ಒಂದೇ.

"ನಿಲ್ಲಸ ಅಳ್ಯಾ!"

"ಅತ್ತೀ, ಸಗಣಿ ವಾಸನಿಗೆ ಬಂತು."

"ಯಾತರದರ ವಾಸನಿಗೆ ಬರ್ಲಿ, ಒಂದ ಬಂತಿಲ್ಲೋ?"

ನಿಲ್ಲಿಸಿದೆವು. ಎಲ್ಲರೂ ಇಳಿದು ನೀರು ಕುಡಿದೆವು. ತಂಗಿ, ಆಗ ಅವಳಿಗೆ ಹನ್ನೆರಡು, ಆಯಿಯ ಸೆರಗಿನ ಹುರಿ ಹಿಡಿದು ಅಪ್ಪನ ಮೂಗಿನ ಬೆನ್ನು ಹತ್ತಿದಳು. ಎರಡನೆಯ ಸೀನು ಬಂದಾಗ ಗ್ಯಾರೇಜಿನವರೆಲ್ಲ ಸೀಟಿ ಹೊಡೆದರು.

ಆ ಭಾನುವಾರದ ಸುಖವನ್ನು ಹೇಗೆ ಹೇಳಲಿ! ನಮ್ಮಲ್ಲಿ ಯಾರೂ ಅದಕ್ಕೆ ಮೊದಲು ಸುಮ್ಮನೆ ನೋಡಲಿಕ್ಕೆಂದು ಎಲ್ಲಿಗೂ ಹೋದವರಲ್ಲ. ಹಾನಗಲ್ಲಿನ ಭತ್ತದ ಗದ್ದೆಗಳು ಹಿಂದಾದವು, ನೆಲ ಏರತೊಡಗಿತು, ಮರಗಳು ಒತ್ತೊತ್ತಾಗಿ ರಸ್ತೆಯ ಮೇಲೆ ಬಾಗಿದವು. ಆಯಿ ಹೆಚ್ಚುವರಿ ಗಾಲಿಯ ಮೇಲೆ ಪದ್ಮಾಸನ ಹಾಕಿ, ಕಿಟಕಿಯ ಹೊರಗೆ ಮೂಗಿಟ್ಟು, "ಇಷ್ಟ ಕಟಗಿ ಯಾರೂ ಒಟ್ಟಲಾರದ ಹಂಗ ಬಿಟ್ಟಾರಲ್ಲ!" ಎಂದು ಮರುಗಿದಳು. ಏರು ಬಂದಲ್ಲಿ ನಾವು ಇಳಿದು ದೂಡಿದೆವು, ಇಳುಕಲು ಬಂದಲ್ಲಿ ಓಡಿ ಹತ್ತಿದೆವು. ರೇಡಿಯೇಟರ್ ಕುದಿದಾಗಲೆಲ್ಲ ಅವ್ವ, "ಹೆಂಗೂ ನೀರ ಕಾದೈತಿ, ಚಾಕ್ಕ ಬರ್ತೈತೇನ್ರಿ?" ಎಂದು ಅಪ್ಪನನ್ನು ಕೆಣಕುತ್ತಿದ್ದಳು. ಶಿರಸಿ ದಾಟಿ ಹೊತ್ತು ಮುಳುಗುವಾಗ ಒಂದು ಹಳ್ಳದ ದಂಡೆಗೆ ನಿಂತೆವು, ರೊಟ್ಟಿ ತಿಂದು ಮಲಗಿದೆವು. ಯಾರನ್ನೂ ಕೇಳಲಿಲ್ಲ.

ಸೋಮವಾರ ದೇವಿಮನೆ ಘಟ್ಟದ ತಲೆ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ಅಲ್ಲಿ ನಿಂತು ಕೆಳಗೆ ನೋಡಿದ ಅಪ್ಪನ ಮುಖ ಇಳಿಯಿತು. ಬೆಟ್ಟದ ಮೇಲೆ ಬೆಟ್ಟ, ನಡುವೆ ರಸ್ತೆ ಬಿಚ್ಚಿ ಎಸೆದ ರುಮಾಲಿನಂತೆ ಸುತ್ತಿ ಸುತ್ತಿ ಇಳಿದಿತ್ತು. ಅಪ್ಪ ಗಾಡಿ ರಿಪೇರಿ ಮಾಡಿದವನು, ಬಯಲಲ್ಲಿ ಓಡಿಸಿದವನು. ಘಟ್ಟದಲ್ಲಿ ಸ್ಟಿಯರಿಂಗ್ ಹಿಡಿದವನಲ್ಲ.

"ಬ್ರೇಕ್ ಹೆಂಗೈತ್ರಿ?" ಅವ್ವ ಕೇಳಿದಳು.

"ಐತಿ."

"ಐತಿ ಅಂದ್ರ?"

"ಐತಿ ಅಂದ್ರ ಐತಿ. ಇಷ್ಟ ಇಳಕಲಾ ಅದೂ ನೋಡಿಲ್ಲ, ನಾನೂ ನೋಡಿಲ್ಲ."

ಅಷ್ಟರಲ್ಲಿ ಒಣಮೆಣಸಿನಕಾಯಿ ಚೀಲ ಹೇರಿದ ಲಾರಿಯೊಂದು ಬಂದು ನಿಂತಿತು. ಕೊಡ ಹಿಡಿದು ಇಳಿದ ಡ್ರೈವರ್, ಬಿಳಿ ಟೊಪ್ಪಿಗೆಯ ಹಿರಿಯ ಮನುಷ್ಯ, ನಮ್ಮ ಬಾಗಿಲ ಮುಂದೆ ಬರುತ್ತಲೇ ಮೂಗರಳಿಸಿದ. "ಯಾ ಅಲ್ಲಾ! ಇದು ನಮ್ಮೂರ ವಾಸನಿ. ಸವಣೂರ ಎಲಿ!"

"ನಮ್ಮನಿ ವಾಸನಿ ಅಣ್ಣಾರ" ಎಂದಳು ಅವ್ವ. "ಬರ್ರಿ, ಒಳಗ ಕುಂಡ್ರಿ. ಊಟದ ಹೊತ್ತಾಗೇತಿ."

ನಾನು ಗಡಿಯಾರ ತೋರಿಸಿದೆ. ಅವ್ವ ನನ್ನತ್ತ ತಿರುಗಿ ನೋಡಲೇ ಇಲ್ಲ. ಆತ ಒಂದು ಕ್ಷಣವೂ ತಡೆಯದೆ ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ ಬಂದು ಮಂಚದ ಮೇಲೆ ಕುಳಿತ. ಕುಲ ಕೇಳಲಿಲ್ಲ, ಹೆಸರೂ ಕೇಳಲಿಲ್ಲ. "ಹಿಂಡಿ ಇದ್ರ ಹಾಕ್ರಿ ಅಕ್ಕಾ" ಎಂದ, ಅಷ್ಟೆ. ಅವ್ವನ ಜನ್ಮದಲ್ಲಿ ಅವಳ ಮನೆಗೆ ದಾರಿಯಿಂದ ಬಂದ ಮೊದಲ ಅತಿಥಿ ಆತ. ನಾಲ್ಕು ರೊಟ್ಟಿ ತಿನ್ನುವವನಿಗೆ ಏಳು ಬಡಿಸಿದಳು. ನನ್ನ ನೌಕರಿಯ ಒಂದು ತಾಸು ಹಿಂಡಿಯ, ಎಂದರೆ ಶೇಂಗಾ ಚಟ್ನಿಪುಡಿಯ, ಜೊತೆ ಖರ್ಚಾಗುತ್ತಿತ್ತು. ಆದರೂ ನಾನೇ ಎದ್ದು ಆತನಿಗೆ ಮೊಸರು ಹಾಕಿದೆ.

ಕೈ ತೊಳೆದು ಆತ ಅಪ್ಪನ ಭುಜ ತಟ್ಟಿದ. "ಅಂಜಬ್ಯಾಡ್ರಿ ಮಿಸ್ತ್ರಿ. ಯಾವ ಗೇರಿನ್ಯಾಗ ಏರ್ತೀರಿ, ಅದ ಗೇರಿನ್ಯಾಗ ಇಳೀರಿ. ನನ್ನ ಹಿಂದ ಬರ್ರಿ, ಸಮೀಪ ಬರ್ರಿ. ಬ್ರೇಕ್ ಕೈ ಕೊಟ್ರ ಮೆಲ್ಲಕ ಬಂದು ನನ್ನ ಲಾರಿಗೆ ಒರಗಿಬಿಡ್ರಿ."

ಹಾಗೆ ಇಳಿಯತೊಡಗಿದೆವು. ಎರಡನೆಯ ತಿರುವಿಗೆ ಲಾರಿಯ ಮೆಣಸಿನಕಾಯಿ ಘಾಟು ನಮ್ಮ ಕಿಟಕಿಗೆ ಬಂತು.

ತಂಗಿ ಸೀನಿದಳು. ಅವ್ವ ಸೀನಿದಳು. ಅಪ್ಪ ಸೀನಿದ, ವ್ಯಾನು ಬಲಕ್ಕೆ ಹೊಯ್ದಿತು. ನಾನು ಸೀನಿದೆ, ಗೂಡಿನಿಂದ ಹಿಟ್ಟಿನ ಡಬ್ಬಿ ಉರುಳಿತು. ಆಯಿ ಗಾಲಿಯ ಮೇಲೆ ಕುಳಿತು ಎರಡೂ ಕೈಯ ಬೆರಳು ಮಡಚುತ್ತ ಎಣಿಸತೊಡಗಿದ್ದಳು. "ಏಳ... ಎಂಟ... ಒಂಬತ್ತ... ಅಳ್ಯಾ, ಒಂಬತ್ತಾದು, ನಿಲ್ಲಸ!"

"ಇಲ್ಲಿ ನಿಂತ್ರ ಮನಿ ಕಣಿವ್ಯಾಗ ಅತ್ತೀ... ಆಕ್ಷೀ!"

"ಹತ್ತ. ನಡೀ."

ನಾನು ಇಂದಿಗೂ ಅಂಥ ನಗು ನಕ್ಕಿಲ್ಲ. ಪ್ರತಿ ತಿರುವಿಗೆ ಎಲ್ಲರೂ ಎಡಕ್ಕೆ ಬಿದ್ದು ಸೀನುವುದು, ಮುಂದಿನದಕ್ಕೆ ಬಲಕ್ಕೆ ಬಿದ್ದು ಸೀನುವುದು. ಪಾತ್ರೆಗಳು ಬ್ಯಾಂಡು ಬಾರಿಸುತ್ತಿದ್ದವು. ಹಿಟ್ಟು ಹಾರಿ ಅವ್ವನ ಹುಬ್ಬು ಬೆಳ್ಳಗಾಗಿತ್ತು. ಕಿಟಕಿಯಲ್ಲಿ ಹಸಿರು ಬೆಟ್ಟಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಜೋಕಾಲಿ ಜೀಕುತ್ತಿದ್ದವು. ಅಪ್ಪ ಕಣ್ಣೀರು ಸುರಿಸುತ್ತ, ನಗುತ್ತ, ಒಂದನೆಯ ಗೇರಿನಲ್ಲಿ ಮನೆಯನ್ನು ಇಳಿಸುತ್ತಿದ್ದ. ನಡುವೆ ಆಯಿಯ ದನಿ, ದೇವರ ಹೆಸರು ಹೇಳಿದಷ್ಟೇ ಭಕ್ತಿಯಿಂದ: "ನಲವತ್ಮೂರ... ನಲವತ್ನಾಕ..."

ಘಟ್ಟ ಮುಗಿದು ತೆಂಗಿನ ಮರಗಳು ಬಂದವು. ಲಾರಿ ಒಮ್ಮೆ ಹಾರ್ನು ಹೊಡೆದು ಮುಂದೆ ಹೋಯಿತು. ದಾರಿ ಕೇಳುತ್ತ ಕೇಳುತ್ತ ಶಾಲೆಯ ಮೈದಾನಕ್ಕೆ ನುಗ್ಗಿ ಹುಣಸೆಮರದ ಕೆಳಗೆ ನಿಂತಾಗ ಐದಕ್ಕೆ ಹತ್ತು ನಿಮಿಷ. ಕಚೇರಿಯ ಬಾಗಿಲಲ್ಲಿ ಹೆಡ್‌ಮಾಸ್ತರರು ಕೈಯಲ್ಲಿ ಬೀಗ ಹಿಡಿದು ನಿಂತಿದ್ದು ಕಿಟಕಿಯಿಂದ ಕಂಡಿತು. ನಾನು ಆರ್ಡರ್ ಹಿಡಿದು ಬಾಗಿಲಿಗೆ ಹಾರಿದೆ.

ಆಯಿ ಹೊಸ್ತಿಲಿಗೆ ಅಡ್ಡ ಕಾಲು ಚಾಚಿದಳು. "ಎಪ್ಪತ್ತೊಂದ."

"ಏನು?"

"ಎಪ್ಪತ್ತೊಂದ ಸೀನಾಗ್ಯಾವ. ಒಂಟಿ ಉಳಿದೈತಿ. ಇನ್ನೊಂದ ಆಗಲಾರದ ಇಳಿಬ್ಯಾಡ."

"ಆಯೀ, ನೌಕರಿ ಹೋಗ್ತೈತಿ!"

"ಒಂಟಿ ಸೀನಿನ ಮ್ಯಾಲ ಇಳದ್ರ ಖರೇನ ಹೋಗ್ತೈತಿ."

ಅವಳನ್ನು ದಾಟಿ ಹೋಗಬಹುದಿತ್ತು. ಆದರೆ ನೌಕರಿಯ ಮೊದಲ ರುಜು ಹಾಕಲು ಹೊರಟವಳು ಆಯಿಯ ಕಾಲು ದಾಟಿ ಹೋಗುವುದು ಹೇಗೆ? "ಸೀನ್ರಿ ಯಾರಾದ್ರೂ!" ಎಂದು ಅಪ್ಪ ಕೂಗಿದ. ಘಟ್ಟದುದ್ದಕ್ಕೂ ಸೀನಿದ ಮೂಗುಗಳು ಈಗ ಮುಷ್ಕರ ಹೂಡಿದವು. ತಂಗಿ ಹುರಿ ತುರುಕಿಕೊಂಡಳು, ಬಾಯಿ ತೆರೆದಳು, ಎಲ್ಲರೂ ಉಸಿರು ಹಿಡಿದೆವು, ಬರೀ ಆಕಳಿಕೆ ಬಂತು. ಅವ್ವ ಹಿಟ್ಟು ಮೂಸಿದಳು. ವಿಜ್ಞಾನದ ಪದವೀಧರೆಯಾದ ನಾನು ಮೊಣಕಾಲೂರಿ, ಕಿಟಕಿಯ ಅಂಚಿಗೆ ಕೂತಿದ್ದ ಕೆಂಪು ಧೂಳಿಗೆ ಮೂಗು ಒತ್ತಿದೆ. ಕಣ್ಣು ಉರಿಯಿತು, ಸೀನು ಬರಲಿಲ್ಲ. ಐದಕ್ಕೆ ಐದು ನಿಮಿಷ.

ಶಾಲೆಯ ಅಂಗಳಕ್ಕೆ ಬಂದು ನಿಂತು ಯಾರೂ ಇಳಿಯದ, ಒಳಗೆ ಗದ್ದಲ ಮಾತ್ರ ಕೇಳುವ ಗಾಡಿಯನ್ನು ನೋಡಿ ಹೆಡ್‌ಮಾಸ್ತರರೇ ಬೀಗದ ಸಮೇತ ನಡೆದು ಬಂದರು. ಹಿಂದಿನ ಬಾಗಿಲಿಗೆ ಬಗ್ಗಿ, ಅಡ್ಡ ಚಾಚಿದ ಆಯಿಯ ಕಾಲನ್ನೂ ಹಿಟ್ಟು ಬಡಿದ ನಮ್ಮ ಮುಖಗಳನ್ನೂ ನೋಡಿ, "ಎಂತ ಮಾರಾಯ್ರೆ ಇದು, ನಾಟ್ಕದ ಕಂಪ್ನಿಯಾ..." ಎನ್ನುತ್ತಿದ್ದವರ ಮುಖ ಸುಕ್ಕಾಯಿತು, ಮೂಗು ಮೇಲೆದ್ದಿತು.

"ಆಆ...ಕ್ಷೀ!"

"ಎಪ್ಪತ್ತೆರಡ!" ಆಯಿ ಕಾಲು ತೆಗೆದಳು. "ಇಳಿಯವಾ. ದೇವರಂಥಾ ಮನಷ್ಯಾ."

ಕಚೇರಿಯಲ್ಲಿ ಅವರು ಕಣ್ಣೊರೆಸಿಕೊಳ್ಳುತ್ತ ಹಾಜರಿ ವರದಿಯ ಕಾಗದ ಕೊಟ್ಟರು. ಹೆಸರು ಬರೆದೆ. ವಿದ್ಯಾರ್ಹತೆಯನ್ನು ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದೆನೆಂದರೆ ಗೆರೆ ಸಾಲಲಿಲ್ಲ. ಆಮೇಲಿನ ಸಾಲು: ಈ ಊರಿನ ವಿಳಾಸ. ಪೆನ್ನು ನಿಂತಿತು.

"ಮನೆ ನೋಡಿದ್ದೀರಾ?" ಎಂದು ಹೆಡ್‌ಮಾಸ್ತರರು ಕೇಳಿದರು. ಆ ಪ್ರಶ್ನೆಯ ಹಿಂದೆ ಯಾವ ಪ್ರಶ್ನೆಗಳು ಬರುತ್ತವೆಂದು ನನಗೆ ಗೊತ್ತಿತ್ತು.

ಬಾಗಿಲಲ್ಲಿ ತನ್ನ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ ಅಪ್ಪ, ಇನ್ನೂ ಕೆಂಪಾಗಿದ್ದ ಮೂಗು ಒರೆಸಿಕೊಂಡು ಹೇಳಿದ: "ನೋಡಿಲ್ರಿ ಸರ್. ತಂದೇವಿ."

ಹೆಡ್‌ಮಾಸ್ತರರು ಕಿಟಕಿಯಿಂದ ಹೊರಗೆ ನೋಡಿದರು. ಹುಣಸೆಮರದ ಕೆಳಗೆ ಅವ್ವ ಆಗಲೇ ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದಳು. ಆಯಿ ಗಾಲಿಯನ್ನು ಹೊರಗೆ ಉರುಳಿಸಿ ಅದರ ಮೇಲೆ ಕುಳಿತು, ಸುತ್ತ ನೆರೆದ ಊರಿನವರಿಗೆ ಏನನ್ನೋ ಬೆರಳು ಮಡಚಿ ಎಣಿಸಿ ತೋರಿಸುತ್ತಿದ್ದಳು. ಹೆಡ್‌ಮಾಸ್ತರರು ನಕ್ಕರು, ಗಡಿಯಾರದ ಕಡೆ ಕೈ ಮಾಡಿದರು. "ಬೇಗ ಬರೀರಿ ಟೀಚರೇ, ಎರಡು ನಿಮಿಷ ಉಂಟು."

ಜನ್ಮದಲ್ಲಿ ಮೊದಲ ಸಲ ನನ್ನನ್ನು ಒಬ್ಬರು ಟೀಚರೇ ಎಂದದ್ದು. ನಾನು ಬರೆದೆ: ಶಾಲೆಯ ಮೈದಾನ, ಹುಣಸೆಮರದ ಕೆಳಗೆ. ಕೆಳಗೆ ಉದ್ದಕ್ಕೆ, ಬಾಲ ಎಳೆದು, ರುಜು ಹಾಕಿದೆ.